ಪಟರ್ ಮಾಡೋದು ಹೇಗೆ? ಒಂದು ಜಮಖಾನ, ಒಂದು ಲೋಟ, ನಾಲ್ಕು ಡಾಲರಿನ ಕೋಲು

ಮಗಳ ಫೋನಿನಲ್ಲಿ ಮೊಮ್ಮಗನ ಫೋಟೊ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅಳಿಯನ ಮೆಸೇಜು ಬಂತು. 'ಅಮ್ಮ ಏನ್ಮಾಡ್ತಿದಾರೆ?' ಮಗಳು ಫೋನ್ ಕಿತ್ತುಕೊಂಡು ಇಂಗ್ಲಿಷಿನಲ್ಲಿ ಎರಡೇ ಪದ ಒತ್ತಿ ನನ್ನ ಕೈಗೇ ವಾಪಸ್ ಕೊಟ್ಟಳು. ನಾನು ಓದಿಕೊಂಡೆ: 'ಪುಟರಿಂಗ್ ಅರೌಂಡ್.'

ಹಾಸನದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ 34 ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ನನಗೆ ಗೊತ್ತಿದ್ದ ಪುಟರ್ ಅಂದರೆ ಶಾಟ್ ಪುಟರ್. ಗುಂಡನ್ನು ಕತ್ತಿಗೆ ಒತ್ತಿಕೊಂಡು, 7 ಅಡಿ ವೃತ್ತದೊಳಗೆ ಜಾರಿ ಬಂದು, ಭುಜದಿಂದ ದೂಡುವ ಹುಡುಗಿ. ಆವತ್ತು ಬೆಳಗ್ಗೆಯಿಂದ ನಾನು ಏನು ಮಾಡಿದ್ದೆ? ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟಿದ್ದೆ. ಮಸಾಲೆ ಡಬ್ಬಿಗಳ ಮುಚ್ಚಳ ಒಂದೊಂದೇ ಒರೆಸಿ ಇಟ್ಟಿದ್ದೆ. ಮಧ್ಯದಲ್ಲಿ ಕಿಟಕಿ ಹತ್ತಿರ ನಿಂತು ಅಳಿಲು ನೋಡಿದ್ದೆ. ಇದರಲ್ಲಿ ಗುಂಡು ಎಸೆದದ್ದು ಎಲ್ಲಿ ಬಂತು?

"ಅಮ್ಮಾ, ಅದು ಪುಟರ್ ಅಲ್ಲ, ಪಟರ್. ಸುಮ್ನೆ ಅದೂ ಇದೂ ಮಾಡ್ಕೊಂಡು ಇರೋದು."

"ಗಾಲ್ಫ್ ಕೋಲಿಗೂ ಪಟರ್ ಅಂತಾರಲ್ಲೇ?"

"ಅದೂ ಪಟರ್‍ರೇ."

ಇಂಗ್ಲಿಷಿನಲ್ಲಿ ಬರೆಯೋದು ಒಂದೇ ಥರ, ಪದ ಮೂರು. ಗುಂಡು ಎಸೆಯುವವಳು ಪುಟರ್. ಗಾಲ್ಫಿನಲ್ಲಿ ಕುಳಿಯ ಹತ್ತಿರ ಬಾಲ್ ತಳ್ಳುವ ಕೋಲು ಪಟರ್. ಅವಸರವಿಲ್ಲದೆ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಓಡಾಡುವುದೂ ಪಟರ್. ಈ ಕೊನೆಯದು ಅಮೆರಿಕದವರ ಮಾತು. ಇಂಗ್ಲೆಂಡಿನವರು ಇದನ್ನೇ ಪಾಟರ್ ಅಂತಾರೆ. ಹಳೇ ಇಂಗ್ಲಿಷಿನಲ್ಲಿ ಅದರ ಮೂಲ ತಿವಿಯೋದು, ಕೆದಕೋದು ಎನ್ನುವ ಅರ್ಥದ ಪದ. ಗಾಲ್ಫಿನ ಪಟ್ ಅನ್ನೋದು 'ಪುಟ್' ಅನ್ನುವ ಪದವನ್ನು ಸ್ಕಾಟ್ಲೆಂಡಿನವರು ಉಚ್ಚರಿಸುತ್ತಿದ್ದ ರೀತಿ. ಅಂದರೆ ದೂಡೋದು. ನಮ್ಮಮ್ಮ ನನ್ನ ಅಜ್ಜಿಯ ಬಗ್ಗೆ ಹೇಳುತ್ತಿದ್ದ ಮಾತು ನೆನಪಾಯಿತು: "ಒಂದ್ ಕಡೆ ಕೂರಲ್ಲ, ಏನೋ ಕೆದಕ್ತಾ ಇರ್ತಾರೆ." ಇಂಗ್ಲಿಷಿನವರ ಅಜ್ಜಿಯರೂ ಹಾಗೇ ಕೆದಕುತ್ತಿದ್ದರು ಅಂತ ಕಾಣುತ್ತೆ.

ಆ ವರ್ಷ ಓಹಾಯೋದ ಕೊಲಂಬಸ್ ಊರಿನಲ್ಲಿ ಆರು ತಿಂಗಳು ಇದ್ದೆ. ಬಾಣಂತನ ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಕಾರು ಓಡಿಸಲು ಬರುವುದಿಲ್ಲ. ನಮ್ಮನೆಯವರು ಮೊಬೈಲಿನಲ್ಲಿ ಕನ್ನಡ ಪೇಪರ್ ಓದುತ್ತಾ ಆರಾಮಾಗಿದ್ದರು. ನನಗೆ ಆಗುತ್ತಿರಲಿಲ್ಲ. ಹೀಗಾಗಿ ಕೋಲು ಹಿಡಿದು ಪಟರ್ ಮಾಡುವುದನ್ನೂ ಹಿಡಿಯದೆ ಪಟರ್ ಮಾಡುವುದನ್ನೂ ಅಲ್ಲೇ ಕಲಿತೆ. ಮಕ್ಕಳ ಮನೆಗೆ ಹೋಗಿ ಗೋಡೆ ನೋಡುತ್ತಾ ಕೂರುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಊರಿನಲ್ಲೇ ಇರುವವರಿಗೂ ಆಗುತ್ತೆ. ಬೇಕಾದ್ದು ಆರಡಿ ಜಾಗ ಅಷ್ಟೇ.

ಮೊದಲು ಕೋಲು. ಹೊಸದು ಬೇಡ. ಒಳ್ಳೆ ಕಂಪನಿಯ ಹೊಸ ಪಟರ್‌ಗೆ ಕೊಡುವ ದುಡ್ಡಿನಲ್ಲಿ ಶಾಲೆಗೆ ಒಂದು ವಾಲಿಬಾಲ್ ನೆಟ್, ನಾಲ್ಕು ಬಾಲು ಬಂದು ಇನ್ನೂ ಉಳಿಯುತ್ತೆ. ಅಮೆರಿಕದಲ್ಲಿ ಶನಿವಾರ ಬೆಳಗ್ಗೆ ಜನ ಮನೆ ಮುಂದೆ ಹಳೇ ಸಾಮಾನು ಹರಡಿ ಮಾರುತ್ತಾರೆ. ಗರಾಜ್ ಸೇಲ್ ಅಂತಾರೆ. ಮಕ್ಕಳ ಸೈಕಲ್ಲು, ಕಾಫಿ ಮಗ್ಗುಗಳ ಮಧ್ಯೆ ಪಟರ್ ಸಿಕ್ಕೇ ಸಿಗುತ್ತೆ. ನನ್ನದು ನಾಲ್ಕು ಡಾಲರ್. ಐದು ಹೇಳಿದರು, ನಾನು ಹಾಸನದ ಸಂತೆಯವಳು.

ಕೊಳ್ಳುವಾಗ ಉದ್ದ ನೋಡಿ. ಸಾಮಾನ್ಯವಾಗಿ 33ರಿಂದ 35 ಇಂಚು ಇರುತ್ತೆ. ನಾನು ಐದಡಿ ಒಂದು ಇಂಚು, ನನಗೆ 33 ಸರಿಯಾಯಿತು. ಬಗ್ಗಿ ನಿಂತಾಗ ಎರಡೂ ತೋಳು ಭುಜದಿಂದ ಸುಮ್ನೆ ಜೋತುಬೀಳಬೇಕು. ಮೊಣಕೈ ಮಡಚಿ ಎತ್ತಿಕೊಳ್ಳಬೇಕಾಗಿ ಬಂದರೆ ಕೋಲು ಉದ್ದವಾಯಿತು ಅಂತ ಅರ್ಥ. ಅದೇ ಸೇಲಿನಲ್ಲಿ ಪೊರಕೆ ಕೋಲಿನಷ್ಟು ಉದ್ದದ ಒಂದು ಪಟರ್ ಇತ್ತು. ಅದರ ತುದಿಯನ್ನು ಎದೆಗೆ ಆನಿಸಿಕೊಂಡು ಆಡುತ್ತಿದ್ದರಂತೆ. 2016ರಿಂದ ಹಾಗೆ ಮೈಗೆ ಆನಿಸಿ ಆಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಕೋಲು ಇಟ್ಟುಕೊಳ್ಳಬಹುದು, ಆನಿಸುವ ಹಾಗಿಲ್ಲ.

ಆಮೇಲೆ ತಲೆಯ ಆಕಾರ. ತೆಳ್ಳಗೆ ಕತ್ತಿಯಂತೆ ಇದ್ದರೆ ಬ್ಲೇಡ್, ದಪ್ಪಗೆ ಗುಂಡಗೆ ಇದ್ದರೆ ಮ್ಯಾಲೆಟ್. ಕೋಲನ್ನು ತಲೆಯ ಹತ್ತಿರ ಒಂದು ಬೆರಳ ಮೇಲೆ ಅಡ್ಡಡ್ಡ ತೂಗಿಸಿ ನೋಡಿ. ಬಾಲಿಗೆ ತಾಗುವ ಮುಖ ಆಕಾಶ ನೋಡಿದರೆ ಅದು ನೇರ ಹಿಂದೆ, ನೇರ ಮುಂದೆ ತೂಗುವವರಿಗೆ ಒಗ್ಗುತ್ತೆ. ತುದಿ ನೆಲದ ಕಡೆ ವಾಲಿದರೆ ಸ್ವಲ್ಪ ಕಮಾನಿನಂತೆ ತೂಗುವವರಿಗೆ. ಹೊಸಬರು ಮೊದಲನೆಯದನ್ನು ತಗೊಳ್ಳಿ. ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೋಲನ್ನು ತೂಗಬಿಡಿ. ನಾಣ್ಯದ ಅಂಚಿನಿಂದ ಮುಖದ ಮೇಲೆ ಅಲ್ಲಲ್ಲಿ ಕುಟ್ಟಿ. ತುದಿಗೆ ಕುಟ್ಟಿದರೆ ತಲೆ ತಿರುಚಿಕೊಳ್ಳುತ್ತೆ. ಒಂದು ಜಾಗದಲ್ಲಿ ಮಾತ್ರ ತಿರುಚದೆ ನೇರ ಹಿಂದಕ್ಕೆ ಹೋಗುತ್ತೆ. ಬಾಲು ತಾಗಬೇಕಾದ್ದು ಅಲ್ಲಿಗೇ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ತೆಂಗಿನಕಾಯಿ ಕೊಳ್ಳುವಾಗ ಕುಟ್ಟಿ ನೋಡುತ್ತೇವಲ್ಲ, ಅದೇ ಬುದ್ಧಿ.

ಈ ತಿರುಚುವ ಕಾಟದಿಂದಲೇ ಒಂದು ದೊಡ್ಡ ಕಂಪನಿ ಹುಟ್ಟಿತು. ಕಾರ್ಸ್ಟನ್ ಸೋಲ್ಹೈಮ್ ಅಂತ ಒಬ್ಬ ಎಂಜಿನಿಯರ್ ಇದ್ದರು, ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ. ಪಟ್ ಮಾಡೋಕೆ ಬರದೆ ರೋಸಿಹೋಗಿ, 1959ರಲ್ಲಿ ಮನೆಯ ಗರಾಜಿನಲ್ಲಿ ತಾವೇ ಒಂದು ಪಟರ್ ಮಾಡಿದರು. ತಲೆಯ ಭಾರವನ್ನು ಎರಡು ತುದಿಗೆ ಹಂಚಿದರು, ತಿರುಚೋದು ಕಡಿಮೆಯಾಯಿತು. ಬಾಲಿಗೆ ಹೊಡೆದರೆ 'ಪಿಂಗ್' ಅಂತ ಸದ್ದು ಬರುತ್ತಿತ್ತು, ಅದನ್ನೇ ಹೆಸರಿಟ್ಟರು. 1966ರ ಅವರ ಆನ್ಸರ್ ಅನ್ನುವ ಮಾದರಿಯ ಹೆಸರು ಪಟರ್ ತಲೆಯ ಮೇಲೆ ಹಿಡಿಸಲಿಲ್ಲ. ಇಂಗ್ಲಿಷಿನ 'ಡಬ್ಲ್ಯೂ' ಅಕ್ಷರ ಬಿಟ್ಟುಬಿಡಿ ಅಂತ ಹೆಂಡತಿ ಲೂಯಿಸ್ ಹೇಳಿದರು. ಇವತ್ತಿಗೂ ಆ ಸ್ಪೆಲಿಂಗ್ ತಪ್ಪೇ. ಇಂಗ್ಲಿಷ್ ಮೇಡಂ ಆಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರು.

ಇನ್ನು ನಿಲ್ಲೋದು, ಹಿಡಿಯೋದು. ಇಲ್ಲಿ ನನ್ನ ಕಸುಬು ಅಡ್ಡ ಬಂತು. ಹುಡುಗಿಯರಿಗೆ ಗುಂಡು ಎಸೆಯಲು ಹೇಳಿಕೊಟ್ಟವಳು ನಾನು: ಕಾಲಿನಿಂದ ಶುರುಮಾಡು, ಸೊಂಟ ತಿರುಗಿಸು, ಕೊನೆಗೆ ಭುಜ, ಕೈ, ಬೆರಳು. ಹೆಂಗಸರ ಗುಂಡು 4 ಕೆ.ಜಿ. ಗಾಲ್ಫ್ ಬಾಲು 46 ಗ್ರಾಂ ಒಳಗೇ ಇರಬೇಕು. ಹೆಚ್ಚುಕಡಿಮೆ 87 ಬಾಲು ಸೇರಿದರೆ ಒಂದು ಗುಂಡು! ಅಷ್ಟು ಹಗುರವಾದ ವಸ್ತುವಿನ ಮುಂದೆ ನಾನು ಗುಂಡು ಎಸೆಯುವವಳಂತೆ ಗಟ್ಟಿಯಾಗಿ ಕಾಲೂರಿ ನಿಂತಿದ್ದೆ. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ನೋಡಿ ನಕ್ಕರು. ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು, ವಾರಕ್ಕೆ ಮೂರು ದಿನ ಗಾಲ್ಫ್ ಆಡುವವರು. ಅವರೇ ನನ್ನ ಗುರು.

ಅವರು ಹೇಳಿಕೊಟ್ಟದ್ದು ಹೀಗೆ. ಪಾದಗಳು ಭುಜದಷ್ಟು ಅಗಲ. ಸೊಂಟದಿಂದ ಬಗ್ಗಿ, ಬೆನ್ನು ಗೂನು ಮಾಡಬೇಡಿ. ಬಾಲು ಎರಡು ಪಾದದ ನಡುವಿಗಿಂತ ಚೂರು ಎಡಕ್ಕೆ ಇರಲಿ, ಎಡಚರಾದರೆ ಬಲಕ್ಕೆ. ಕಣ್ಣು ಬಾಲಿನ ಮೇಲೇ ಇರಬೇಕು. ನಿಜವಾಗಿ ಇದೆಯೋ ಇಲ್ಲವೋ ನೋಡಲು ಇನ್ನೊಂದು ಬಾಲನ್ನು ಮೂಗಿನ ಮೇಲ್ತುದಿಯಿಂದ ಕೆಳಗೆ ಬಿಡಿ. ಅದು ನೆಲದ ಬಾಲಿನ ಮೇಲೆ ಅಥವಾ ನಿಮ್ಮ ಕಡೆಗೆ ಒಂದಿಂಚು ಈಚೆ ಬಿದ್ದರೆ ಸರಿ. ಆಚೆ ಬಿದ್ದರೆ ಜಾಸ್ತಿ ಬಗ್ಗಿದ್ದೀರಿ. ನನ್ನದು ಮೊದಲ ದಿನ ನನ್ನ ಕಾಲಿನ ಮೇಲೇ ಬಿತ್ತು.

ಹಿಡಿ ನೋಡಿ, ಮುಂಭಾಗ ಚಪ್ಪಟೆ ಇರುತ್ತೆ. ಬೇರೆ ಗಾಲ್ಫ್ ಕೋಲುಗಳ ಹಿಡಿ ಹಾಗಿರುವಂತಿಲ್ಲ, ಪಟರ್‌ಗೆ ಮಾತ್ರ ನಿಯಮ ಇದನ್ನು ಬಿಟ್ಟುಕೊಟ್ಟಿದೆ. ಆ ಚಪ್ಪಟೆ ಮೇಲೆ ಎರಡೂ ಹೆಬ್ಬೆರಳು ನೇರ ಕೆಳಗೆ ನೋಡುವಂತೆ ಇಡಿ. ಎಷ್ಟು ಬಿಗಿ? ಪ್ಲಾಸ್ಟಿಕ್ ಹಾಳೆಯ ಮೇಲಿಂದ ಅರೆ ಒಣಗಿದ ಹಪ್ಪಳ ಎತ್ತುತ್ತೀರಲ್ಲ, ಅಷ್ಟು. ಬಿಗಿ ಹಿಡಿದರೆ ಹಪ್ಪಳ ಹರಿಯುತ್ತೆ.

ಮಣಿಕಟ್ಟು ಅಲ್ಲಾಡಬಾರದು. ಇದೊಂದು ಬಂದರೆ ಮುಕ್ಕಾಲು ಬಂದಂತೆ. ಎರಡು ತೋಳು, ಎದೆ ಸೇರಿ ಒಂದು ತ್ರಿಕೋನ. ಆ ತ್ರಿಕೋನ ಇಡಿಯಾಗಿ ಭುಜದಿಂದ ಉಯ್ಯಾಲೆಯಂತೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ಬಾಲಿಗೆ ಹೊಡೆಯೋದಲ್ಲ. ಉಯ್ಯಾಲೆ ಹೋಗುವ ದಾರಿಯಲ್ಲಿ ಬಾಲು ಇತ್ತು, ಅಷ್ಟೇ. ದೂರ ಹೋಗಬೇಕಾದರೆ ಜೋರಾಗಿ ಹೊಡೆಯಬೇಡಿ, ಉಯ್ಯಾಲೆಯನ್ನು ಇನ್ನಷ್ಟು ಹಿಂದಕ್ಕೆ ಒಯ್ಯಿರಿ. ಲಯ ಮಾತ್ರ ಒಂದೇ ಇರಲಿ. ನಾನು ಮನಸ್ಸಿನಲ್ಲಿ 'ಏಕ್, ದೋ' ಅಂದುಕೊಳ್ಳುತ್ತೇನೆ. ಡ್ರಿಲ್ಲಿನ ಚಟ ಹೋಗಲ್ಲ.

ತಲೆ ಎತ್ತಬೇಡಿ. ಬಾಲು ಹೋದ ಮೇಲೂ ಅದು ಇದ್ದ ಜಾಗವನ್ನೇ ನೋಡುತ್ತಿರಿ. ಒಳಗೆ ಬಿತ್ತೋ ಇಲ್ಲವೋ ಅಂತ ಕಿವಿಯಲ್ಲಿ ತಿಳಿಯಬೇಕು.

ಮನೆಯಲ್ಲಿ ಅಭ್ಯಾಸಕ್ಕೆ ನಾನು ಕಂಡುಕೊಂಡ ಏರ್ಪಾಡು ಹೇಳ್ತೀನಿ. ಮಗಳ ಮನೆಯ ಕಾರ್ಪೆಟ್ ಹೇಳಿ ಮಾಡಿಸಿದಂತಿತ್ತು. ಹಾಸನಕ್ಕೆ ಬಂದಾಗ ತೊಂದರೆ ಶುರುವಾಯಿತು. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಬಾಲು ಒಮ್ಮೆ ಹೊರಟರೆ ದೇವರ ಕೋಣೆ ದಾಟಿಯೇ ನಿಲ್ಲೋದು. ಮದುವೆಯಲ್ಲಿ ಬಂದ ಜಮಖಾನ ಬೀರುವಿನಲ್ಲಿತ್ತು, ಹಾಸಿದೆ. ಭಲೇ ಆಯಿತು. ವೇಗ ಹದಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ, ಜಮಖಾನದ ಪಟ್ಟೆಗಳಿವೆಯಲ್ಲ, ಅವು ನೇರ ಗೆರೆ. ಒಂದು ಪಟ್ಟೆಯ ಮೇಲೆ ಬಾಲಿಟ್ಟು ಅದೇ ಪಟ್ಟೆಯ ಮೇಲೆ ಆರಡಿ ಉರುಳಿಸಿದರೆ ನಿಮ್ಮ ಪಟ್ ನೇರ ಇದೆ. ನಾಲ್ಕನೇ ದಿನದ ತನಕ ನನ್ನ ಬಾಲು ಹಸಿರು ಪಟ್ಟೆಯಲ್ಲಿ ಹೊರಟು ಕೆಂಪಿನಲ್ಲಿ ಇಳಿಯುತ್ತಿತ್ತು.

ಕುಳಿಯ ಬದಲು ಸ್ಟೀಲ್ ಲೋಟ ಮಲಗಿಸಿ. ಚೊಂಬು ಬೇಡ. ಅದರ ಹೊಟ್ಟೆ ದಪ್ಪ, ಮಲಗಿಸಿದರೆ ಬಾಯಿ ನೆಲಕ್ಕೆ ತಾಗಲ್ಲ. ನಿಜವಾದ ಕುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿ.ಮೀ. ಲೋಟದ ಬಾಯಿ ಮೂರು ಇಂಚು. ಲೋಟಕ್ಕೆ ಹಾಕುವವರಿಗೆ ಕುಳಿ ಬಾವಿಯಂತೆ ಕಾಣುತ್ತೆ. ಟಣ್ ಅನ್ನುವ ಸದ್ದು ಬೇರೆ ಬೋನಸ್. ಮಧ್ಯಾಹ್ನ ನಿದ್ದೆ ಮಾಡುವವರು ಮನೆಯಲ್ಲಿದ್ದರೆ ಪ್ಲಾಸ್ಟಿಕ್ ಲೋಟ ಇಡಿ. ಇದು ಅನುಭವದ ಮಾತು.

ಬಾಲಿನ ಒಂದು ಅಡಿ ಮುಂದೆ ಎರಡು ಟಾರ್ಚ್ ಸೆಲ್ ನಿಲ್ಲಿಸಿ, ನಡುವೆ ಬಾಲಿಗಿಂತ ಎರಡು ಬೆರಳು ಜಾಸ್ತಿ ಜಾಗ ಬಿಡಿ. ಆ ಬಾಗಿಲಿನಲ್ಲಿ ತೂರಿಸಿ. ಸೆಲ್ ಬಿದ್ದರೆ ಪಟರ್‌ನ ಮುಖ ಓರೆಯಾಗಿತ್ತು ಅಂತ ತಿಳಿಯಿರಿ. ಬಾಲಿಗೆ ಸೀಮೆಸುಣ್ಣ ಸವರಿದರೆ ಮುಖದ ಎಲ್ಲಿಗೆ ತಾಗಿತು ಅನ್ನೋದೂ ಗೊತ್ತಾಗುತ್ತೆ. ಸೀಮೆಸುಣ್ಣಕ್ಕೆ ನಮ್ಮನೆಯಲ್ಲಿ ಬರವಿಲ್ಲ.

ಹೊರಗೆ ಹುಲ್ಲಿನ ಮೇಲೆ ಆಡಬೇಕು ಅನ್ನಿಸಿದರೆ ಅಮೆರಿಕದಲ್ಲಿ ಸುಲಭ. ಊರಿನ ಮುನಿಸಿಪಲ್ ಗಾಲ್ಫ್ ಕೋರ್ಸಿನ ಬಾಗಿಲಲ್ಲೇ ಸಾಮಾನ್ಯವಾಗಿ ಒಂದು ಅಭ್ಯಾಸದ ಗ್ರೀನ್, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ, ಇರುತ್ತೆ. ನಮ್ಮ ಹತ್ತಿರದ್ದಕ್ಕೆ ದುಡ್ಡಿಲ್ಲ. ಕೌಂಟರಿನಲ್ಲಿ ಒಂದು ಮಾತು ಕೇಳಿಯೇ ಹೋಗಿ. ಚೂಡಿದಾರಕ್ಕೆ ರನ್ನಿಂಗ್ ಶೂ ಹಾಕಿಕೊಂಡು ಹೋಗುತ್ತಿದ್ದೆ, ಯಾರೂ ಏನೂ ಅನ್ನಲಿಲ್ಲ. ಹಿಮ್ಮಡಿ ಚೂಪಾದ ಚಪ್ಪಲಿ ಮಾತ್ರ ಬೇಡ, ಹುಲ್ಲು ಕೀಳುತ್ತೆ. ಇನ್ನೊಬ್ಬರ ಬಾಲಿಗೂ ಕುಳಿಗೂ ನಡುವಿನ ದಾರಿಯನ್ನು ತುಳಿಯಬೇಡಿ. ಅಂಗಳದ ರಂಗೋಲಿ ತುಳಿದಷ್ಟೇ ತಪ್ಪು ಅದು. ಕುಳಿಯಲ್ಲಿ ನೆಟ್ಟಿರುವ ಬಾವುಟದ ಕೋಲನ್ನು ಮೊದಲು ತೆಗೆದೇ ಪಟ್ ಮಾಡಬೇಕಿತ್ತು, 2019ರಿಂದ ಹಾಗೇ ಬಿಟ್ಟರೂ ನಡೆಯುತ್ತೆ.

ಹುಲ್ಲಿನ ಮೇಲೆ ಇಳಿಜಾರು ಓದಬೇಕು. ಬಾಲಿನ ಹಿಂದೆ ಕೂತು ನೋಡಿ: ಇಲ್ಲಿ ಒಂದು ಬಿಂದಿಗೆ ನೀರು ಸುರಿದರೆ ಯಾವ ಕಡೆ ಹರಿಯುತ್ತೆ? ಬಾಲೂ ಆ ಕಡೆಗೇ ವಾಲುತ್ತೆ. ನಿಧಾನವಾದಷ್ಟೂ ಜಾಸ್ತಿ ವಾಲುತ್ತೆ, ಅಂದರೆ ಕುಳಿಯ ಹತ್ತಿರ ಬರುವಾಗಲೇ ತಿರುವು ಹೆಚ್ಚು. ಮಳೆಗಾಲದಲ್ಲಿ ಅಂಗಳದ ನೀರನ್ನು ಚರಂಡಿಗೆ ತಿರುಗಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಜ್ಜ ಇದೊಂದರಲ್ಲಿ ಮಾತ್ರ ನನ್ನನ್ನು ಹೊಗಳಿದರು.

ಹುಲ್ಲಿನ ವೇಗ ಅಳೆಯಲೂ ಒಂದು ಸಾಧನ ಇದೆ, ಸ್ಟಿಂಪ್‌ಮೀಟರ್. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರು ಯೋಚಿಸಿ ಮಾಡಿದ್ದು. ತೋಡಿರುವ ಒಂದು ಪಟ್ಟಿ, ಸುಮಾರು 20 ಡಿಗ್ರಿ ಎತ್ತಿದರೆ ಬಾಲು ತಾನಾಗಿ ಜಾರಿ ಇಳಿಯುತ್ತೆ. ಎಷ್ಟು ಅಡಿ ಉರುಳಿತೋ ಅದೇ ಲೆಕ್ಕ. ನಾನು ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಮಣೆಯ ಮೇಲೆ ಇಟ್ಟು ಜಮಖಾನಕ್ಕೂ ಆಕ್ಸೈಡ್ ನೆಲಕ್ಕೂ ಪರೀಕ್ಷೆ ಮಾಡಿದೆ. ಆಕ್ಸೈಡ್ ನೆಲದ ಅಳತೆ ಸಿಗಲಿಲ್ಲ, ಗೋಡೆ ಅಡ್ಡ ಬಂತು.

ಈಗ ಇನ್ನೊಂದು ಪಟರ್. ಇದೇ ನನಗೆ ಕಷ್ಟವಾದದ್ದು.

ಕೋಲು ಹಿಡಿದ ಮೊದಲ ವಾರವೇ ನೋಟ್‌ಬುಕ್ ಇಟ್ಟೆ. ದಿನಕ್ಕೆ ನೂರು ಪಟ್. ಆರಡಿ ದೂರ, ಎಷ್ಟು ಬಿತ್ತು, ಎಷ್ಟು ತಪ್ಪಿತು, ಎಡಕ್ಕೋ ಬಲಕ್ಕೋ. ಮೂರನೇ ವಾರಕ್ಕೆ ಸೊಂಟ ಹಿಡಿಯಿತು. 62ಕ್ಕೆ ಇಳಿದ ದಿನ ಊಟಕ್ಕೆ ಕೂತಾಗಲೂ ಸಿಡಿಮಿಡಿ. ಮಗಳು ನೋಟ್‌ಬುಕ್ ನೋಡಿ, "ಅಮ್ಮ, ಇದು ಪಟರಿಂಗ್ ಅಲ್ಲ, ಜಿಲ್ಲಾ ಮಟ್ಟದ ಕ್ರೀಡಾಕೂಟ" ಅಂದಳು. ನಾನು ವಾದ ಮಾಡಿದೆ. ಆಟ ಅಂದಮೇಲೆ ಲೆಕ್ಕ ಬೇಡವಾ? ಅಜ್ಜ ಇನ್ನೊಂದು ಲೆಕ್ಕ ಹೇಳಿದರು. ಪಿಜಿಎ ಟೂರ್ ಅನ್ನುವ ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಗಳಲ್ಲಿ ಆಡುವವರು, ಅದರಲ್ಲೇ ಹೊಟ್ಟೆ ಹೊರೆಯುವವರು, ಎಂಟು ಅಡಿಯಿಂದ ಎರಡು ಪಟ್‌ಗೆ ಒಂದು ತಪ್ಪಿಸುತ್ತಾರಂತೆ.

ನನಗೆ 2021ರ ಆಗಸ್ಟ್ 7 ನೆನಪಾಯಿತು. ಟೋಕಿಯೊ ಒಲಿಂಪಿಕ್ಸ್. ಸಂಜೆ ನೀರಜ್ ಚೋಪ್ರಾಗೆ ಚಿನ್ನ ಬಂದ ದಿನ. ಎಲ್ಲರಿಗೂ ಅದೇ ನೆನಪು. ಅವತ್ತೇ ಬೆಳಗ್ಗೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಗಾಲ್ಫಿನಲ್ಲಿ ಕೊನೆಯ ಕುಳಿಯ ತನಕ ಪದಕಕ್ಕೆ ಹೋರಾಡಿದ್ದಳು. ಅವರಮ್ಮನೇ ಬ್ಯಾಗ್ ಹೊತ್ತು ಜೊತೆಗೆ ನಡೆಯುತ್ತಿದ್ದರು. ದೂರ ಹೊಡೆಯುವುದರಲ್ಲಿ ಬೇರೆಯವರು ಮುಂದೆ, ಇವಳನ್ನು ಅಷ್ಟು ಎತ್ತರಕ್ಕೆ ತಂದದ್ದು ಪಟರ್. ಕೊನೆಯ ಪಟ್ ಕುಳಿಯ ಪಕ್ಕದಲ್ಲಿ ಹಾದುಹೋಯಿತು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಟಿವಿ ಮುಂದೆ ನಾನು 'ಅಯ್ಯೋ' ಅಂದದ್ದು ಬೀದಿಗೆ ಕೇಳಿಸಿರಬೇಕು. ಆ ಹುಡುಗಿ ಲೆಕ್ಕ ಇಡಲಿ, ಇಡಬೇಕು. ಹಾಸನದ ಅಜ್ಜಿ ಲೋಟಕ್ಕೆ ಬಾಲು ಹಾಕಿದ್ದರ ಲೆಕ್ಕ ಯಾರಿಗೆ ಬೇಕು?

ಹಾಗಾಗಿ ನನ್ನ ಕ್ರಮ ಈಗ ಬೇರೆ. ಸಂಜೆ ಕಾಫಿ ಆದ ಮೇಲೆ ಗಡಿಯಾರ ಬಿಚ್ಚಿಡುತ್ತೇನೆ. ಬಾಲು ಮೂರೇ. ಹತ್ತಿದ್ದರೆ ಎಣಿಸುವ ಮನಸ್ಸಾಗುತ್ತೆ. ಹಾಕಿದ ಬಾಲು ತರಲು ನಾನೇ ನಡೆದುಹೋಗಬೇಕು, ಮೊಮ್ಮಕ್ಕಳನ್ನು ಓಡಿಸೋದು ಇಲ್ಲ. ಹೋಗುವ ದಾರಿಯಲ್ಲಿ ಕಿಟಕಿ ಹತ್ತಿರ ಕರಿಬೇವಿನ ಕುಂಡ ಇದೆ, ಒಣಗಿದ ಎಲೆ ಚಿವುಟುತ್ತೇನೆ. ಬರುವಾಗ ಕ್ಯಾಲೆಂಡರ್ ಹಾಳೆ ತಿರುಗಿಸಿಲ್ಲ ಅಂತ ಕಾಣುತ್ತೆ, ತಿರುಗಿಸುತ್ತೇನೆ. ಅಷ್ಟರಲ್ಲಿ ಹುಣ್ಣಿಮೆ ಯಾವತ್ತು ಅಂತ ನೋಡುತ್ತಾ ನಿಲ್ಲುತ್ತೇನೆ. ಮತ್ತೆ ಬಾಲು. ಒಂದು ಬೀಳುತ್ತೆ, ಒಂದು ತಪ್ಪುತ್ತೆ. ಯಾರಾದರೂ ಗೇಟು ತೆಗೆದರೆ ಅಲ್ಲಿಗೇ ಬಿಟ್ಟು ಹೋಗುತ್ತೇನೆ. ಮುಗಿಸಲೇಬೇಕು ಅನ್ನಿಸಿದರೆ ಆವತ್ತು ಕೋಲು ಮುಟ್ಟಲ್ಲ, ಪಾತ್ರೆ ತಿಕ್ಕುತ್ತೇನೆ.

ಊರಿಗೆ ತರೋದು ಹೇಗೆ ಅಂತ ನನ್ನ ತಂಗಿ ಕೇಳಿದಳು. ಗಾಲ್ಫ್ ಕೋಲನ್ನು ವಿಮಾನದಲ್ಲಿ ಕೈಚೀಲದ ಜೊತೆ ಒಳಗೆ ಬಿಡಲ್ಲ. ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ 33 ಇಂಚಿನದು ಹಿಡಿಸುತ್ತೆ. ತಲೆಗೆ ಪಂಚೆ ಸುತ್ತಿ. ಬಾಲುಗಳನ್ನು ಸಾಕ್ಸಿನಲ್ಲಿ ತುರುಕಿ.

ಇನ್ನೊಂದು ಉಪಯೋಗ ಹೇಳೋದು ಮರೆತಿದ್ದೆ. ಬಾಲು ಬೀರುವಿನ ಕೆಳಗೆ ಹೋದರೆ ಬಗ್ಗಬೇಡಿ. ಪಟರ್‌ನ ಮುಖವನ್ನು ನೆಲಕ್ಕೆ ಮಲಗಿಸಿ, ಗೋಡೆಯ ಕಡೆಯಿಂದ ಮೆಲ್ಲಗೆ ಈಚೆ ಎಳೆಯಿರಿ. ಮೊನ್ನೆ ಹಾಗೆ ಎಳೆದಾಗ ಎರಡು ಹೇರ್‌ಪಿನ್ನು, ಒಂದು ಒಣಗಿದ ನಿಂಬೆಹಣ್ಣು ಬಂತು. ಬಾಲು ಇನ್ನೂ ಒಳಗೇ ಇದೆ.